ಕಂಡವರ ದೀಪ ತಿಕ್ಕುವ ಮಾವ

ನಮ್ಮ ಮಾವ ನಿಮ್ಮ ಮನೆಗೆ ಬರುತ್ತಾರೆಂದರೆ ಚಿನ್ನವನ್ನು ಮೇಜಿನ ಮೇಲೆಯೇ ಬಿಟ್ಟಿರಿ, ಏನೂ ಭಯವಿಲ್ಲ. ದೇವರ ಕೋಣೆಗೆ ಮಾತ್ರ ಬೀಗ ಹಾಕಿ! ಇಲ್ಲದಿದ್ದರೆ ನೀವು ಕಾಫಿಗೆ ಹಾಲು ಕಾಯಿಸುವಷ್ಟರಲ್ಲಿ ನಿಮ್ಮ ಹಿತ್ತಾಳೆ ದೀಪಗಳೆಲ್ಲ ಬಾವಿಕಟ್ಟೆ ಸೇರಿರುತ್ತವೆ. ಮಾವ ಪಂಚೆ ಎತ್ತಿಕಟ್ಟಿ, ಕುಕ್ಕರುಗಾಲಿನಲ್ಲಿ ಕೂತು ಅವನ್ನು ತಿಕ್ಕುತ್ತಿರುತ್ತಾರೆ. ಕದಿಯುವವರಲ್ಲ ಪುಣ್ಯಾತ್ಮರು, ತೊಳೆಯುವವರು. ಕದ್ದಿದ್ದರೆ ಪೊಲೀಸರಿಗಾದರೂ ಹೇಳಬಹುದಿತ್ತು!

ಮಾವ ಎಂದರೆ ಅಮ್ಮನ ತಮ್ಮ. ಮದುವೆಯಾದವರಲ್ಲ. ಬಂಟ್ವಾಳದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು, ನಿವೃತ್ತರಾದ ಮೇಲೆ ಪುಂಜಾಲಕಟ್ಟೆಯ ನಮ್ಮ ಮನೆಯಲ್ಲೇ ಇದ್ದಾರೆ. ಹೆಗಲಿಗೆ ಸದಾ ಒಂದು ಬಟ್ಟೆಯ ಚೀಲ. ಅವರ ವಯಸ್ಸಿನ ಬೇರೆಯವರ ಚೀಲದಲ್ಲಿ ಕನ್ನಡಕ, ಬಿಪಿ ಮಾತ್ರೆ ಇರುತ್ತವೆ. ಇವರದ್ದರಲ್ಲಿ ಹುಳಿಹುಳಿ ಬಿಂಬುಳಿ ಕಾಯಿ, ಒಲೆಯ ಬೂದಿ, ತೆಂಗಿನ ನಾರು!

ಒಮ್ಮೆ ಬೆಳ್ತಂಗಡಿಯ ಹೋಟೆಲೊಂದಕ್ಕೆ ನನ್ನನ್ನು ಬನ್ಸ್ ತಿನ್ನಿಸಲು ಕರೆದುಕೊಂಡು ಹೋದರು. ಗಲ್ಲಾಪೆಟ್ಟಿಗೆಯ ಪಕ್ಕ ದೇವರ ಪಟ, ಪಟದ ಮುಂದೆ ಮಸಿ ಹಿಡಿದ ದೀಪ. ನಾನು ಎರಡನೇ ಬನ್ಸಿಗೆ ಕೈ ಹಾಕುವಾಗ ಎದುರಿನ ಕುರ್ಚಿಯೂ ಖಾಲಿ, ಪಟದ ಮುಂದೆಯೂ ಖಾಲಿ!

"ದೀಪ ಎಲ್ಲಿ ಹೋಯ್ತು ಮಾರಾಯ್ರೆ?" ಎಂದು ಹೋಟೆಲಿನ ಧಣಿ ಬೊಬ್ಬೆ ಹಾಕಿದರು.

"ಇಲ್ಲಿ ಉಂಟು, ಇಲ್ಲಿ ಉಂಟು! ನೀವು ನಿಮ್ಮ ಗಿರಾಕಿ ನೋಡಿಕೊಳ್ಳಿ," ಎಂದು ಕೈತೊಳೆಯುವ ಜಾಗದಿಂದ ಮಾವನ ಉತ್ತರ ಬಂತು. ಅವರ ಹಿಂದೆ ಸಾಂಬಾರು ಮೆತ್ತಿದ ಕೈ ಎತ್ತಿ ಹಿಡಿದ ಏಳು ಜನರ ಸಾಲು. ಧಣಿ ಒಳ್ಳೆಯವರು, ಬನ್ಸಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. "ಇನ್ನೊಮ್ಮೆ ಬರುವಾಗ ಮೊದಲೇ ಹೇಳಿ, ಆ ದಿನ ಹೋಟೆಲಿಗೆ ರಜೆ ಕೊಡ್ತೇನೆ," ಎಂದರಷ್ಟೆ.

ಮುಂಡಾಜೆಯ ಕಥೆ ಕೇಳಿದರೆ ನೀವು ನಂಬುವುದಿಲ್ಲ. ದುಬೈಯಲ್ಲಿರುವ ನಮ್ಮ ನೆಂಟರೊಬ್ಬರು ಮುಂಡಾಜೆಯಲ್ಲಿ ಹೊಸ ಮನೆ ಕಟ್ಟಿಸಿ, ಅದೇನೋ ಲೇಪ ಬಳಿದ ಜೋಡಿ ದೀಪ ತಂದಿಟ್ಟಿದ್ದರು. "ಇದನ್ನು ತಿಕ್ಕುವ ಅಗತ್ಯವೇ ಇಲ್ಲ ಮಾವ, ಹತ್ತು ವರ್ಷ ಹೀಗೇ ಇರ್ತದೆ," ಎಂದು ಹೆಮ್ಮೆಯಿಂದ ಹೇಳಿದರು. ಮಾವನ ಎದುರು ಆಡುವ ಮಾತೇ ಅದು? ಮಾವ ಎರಡು ಗಂಟೆ ಹೊತ್ತು ಬೆವರು ಸುರಿಸಿ ಆ ಲೇಪವನ್ನೆಲ್ಲ ಕಿತ್ತರು. ಆಮೇಲೆ ಸಮಾಧಾನದಿಂದ ಬೆನ್ನು ನೆಟ್ಟಗೆ ಮಾಡಿ ಹೇಳಿದರು: "ಹಾಂ, ಈಗ ತಿಕ್ಕುವ ಹಾಗೆ ಆಯ್ತು ನೋಡಿ!"

ಇಷ್ಟೆಲ್ಲ ನಗುತ್ತಾ ಸಹಿಸಬಹುದಿತ್ತು. ಆದರೆ ನನ್ನ ಅಣ್ಣನ ಮದುವೆ? ಅವನಿಗೆ ಮೂವತ್ತನಾಲ್ಕು ದಾಟಿತ್ತು, ತಲೆಯಲ್ಲಿ ಕೂದಲು ವಿದಾಯ ಹೇಳುತ್ತಿತ್ತು. ಒಂದು ಸಂಬಂಧ ಮಾವ ಹುಡುಗಿಯ ತಾಯಿಗೆ "ನಿಮ್ಮ ದೀಪದಲ್ಲಿ ಒಂದಿಂಚು ಮಸಿ ಉಂಟು" ಎಂದದ್ದಕ್ಕೆ ಮುರಿಯಿತು. ಇನ್ನೊಂದು ಕಡೆಯವರು ಫೋನಿನಲ್ಲಿ, "ಆ ಮಾವ ಅದೇ ಮನೆಯಲ್ಲಿ ಇರುವುದಾ? ಹಾಗಾದ್ರೆ ಬೇಡ," ಎಂದು ಬಿಟ್ಟರು. ಸ್ಪೀಕರ್ ಹಾಕಿದ್ದೆವು. ಮಾವ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದರು, ತಲೆ ಎತ್ತಲಿಲ್ಲ. ಅವರಿಗೆ ಕೇಳಿಸಲಿಲ್ಲ ಎಂದುಕೊಂಡು ನಾವು ಕಣ್ಣಲ್ಲೇ ನಕ್ಕೆವು.

ಕಳೆದ ತಿಂಗಳು ಮೂಡುಬಿದಿರೆಯಲ್ಲಿ ಹುಡುಗಿ ನೋಡಲು ಹೊರಟಾಗ ದೀಪ ಮುಟ್ಟುವುದಿಲ್ಲವೆಂದು ಅಮ್ಮ ಮಾವನಿಂದ ಆಣೆ ಹಾಕಿಸಿಕೊಂಡರು. ವಿಮಾನ ನಿಲ್ದಾಣದವರ ಹಾಗೆ ಚೀಲ ತಪಾಸಣೆ ಮಾಡಿ, ಅದನ್ನು ಮನೆಯಲ್ಲೇ ಇಡಿಸಿದರು. "ಇದೂ ತಪ್ಪಿದ್ರೆ ಇವನಿಗೆ ಮದುವೆ ಇಲ್ಲ. ನೆನಪಿಟ್ಟುಕೋ!"

ಹುಡುಗಿ ಶಾಲೆಯಲ್ಲಿ ಟೀಚರು. ನೋಡಿದ ಕೂಡಲೇ ನಮಗೆಲ್ಲ ಇಷ್ಟವಾದಳು. ಮಾವ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು, ಪಾಪ. ಕಾಫಿಯಾದ ಮೇಲೆ "ಕೈ ತೊಳೆದು ಬರ್ತೇನೆ" ಎಂದು ಎದ್ದವರು ಕಾಲು ಗಂಟೆಯಾದರೂ ಪತ್ತೆಯಿಲ್ಲ. ಹುಡುಗಿಯೂ ಲೋಟ ಎತ್ತಿಕೊಂಡು ಹೋದವಳು ಬರಲಿಲ್ಲ. ಅಮ್ಮ ನನ್ನತ್ತ ಕಣ್ಣು ಬಿಟ್ಟರು. ನಾನು ಹಿತ್ತಿಲಿಗೆ ಓಡಿದೆ.

ಅಮ್ಮ ಚೀಲವನ್ನು ತಪಾಸಣೆ ಮಾಡಿದ್ದರು, ಆ ಮನೆಯ ಹಿತ್ತಿಲನ್ನಲ್ಲ. ಅಲ್ಲಿ ಬುಡದಿಂದ ತುದಿಯವರೆಗೆ ಕಾಯಿ ಬಿಟ್ಟ ಬಿಂಬುಳಿ ಮರ! ಮರದಡಿಯಲ್ಲಿ ಸೊಂಟದೆತ್ತರದ ಕಾಲುದೀಪ ತಿರುಪು ಬಿಚ್ಚಿಸಿಕೊಂಡು ಐದು ತುಂಡಾಗಿ ಬಿದ್ದಿತ್ತು. ಮಾವನ ಕೈ ಮೊಣಕೈವರೆಗೆ ಕಪ್ಪು. ಎದುರಿಗೆ ರೇಷ್ಮೆ ಸೀರೆಯ ಹುಡುಗಿ ನಿಂತಿದ್ದಳು. ಅಣ್ಣನ ಮದುವೆ ಅಲ್ಲಿಗೆ ಮುಗಿಯಿತೆಂದು ನಾನು ಬಚ್ಚಲಿನ ಗೋಡೆಗೆ ಒರಗಿದೆ.

"ಮಗಾ, ಕೋಪ ಮಾಡ್ಬೇಡ," ಮಾವ ಹೇಳುತ್ತಿದ್ದರು. "ಆಣೆ ಹಾಕಿ ಬಂದದ್ದು, ತಡೆಯಲಿಕ್ಕೆ ಆಗ್ಲಿಲ್ಲ. ನನ್ನ ಹುಚ್ಚು ನೋಡಿ ಹುಡುಗ ಬೇಡ ಅಂತ ಹೇಳ್ಬೇಡ. ಅವ ಒಳ್ಳೆಯವ. ನಾನು ಆ ಮನೆಯಲ್ಲಿ ಇರುವುದಿಲ್ಲ. ನೆರಿಯದಲ್ಲಿ ಗುರ್ತದವರದ್ದೊಂದು ರೂಮು ಉಂಟು, ಬೆಳಿಗ್ಗೆ ಮಾತಾಡಿದ್ದೇನೆ. ಮದುವೆಯ ಮರುದಿನವೇ ಹೋಗ್ತೇನೆ."

ಹಾಗಾದರೆ ಆ ದಿನ ಫೋನಿನಲ್ಲಿ ಬಂದ ಮಾತೆಲ್ಲ ಅವರಿಗೆ ಕೇಳಿಸಿತ್ತು. ನಾವು ನಕ್ಕದ್ದೂ ಕಂಡಿತ್ತೋ ಏನೋ. ನನಗೆ ನಾಚಿಕೆಯಿಂದ ಅಳುವೇ ಬಂತು.

ಹುಡುಗಿ ಸೆರಗು ಸಿಕ್ಕಿಸಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ದೀಪದ ಒಂದು ತುಂಡು ಕೈಗೆತ್ತಿಕೊಂಡಳು. "ಇದನ್ನು ಮೊನ್ನೆಯಷ್ಟೇ ನಾನು ಹುಣಸೆಹುಳಿ ಹಾಕಿ ತಿಕ್ಕಿದ್ದು."

"ಅದಕ್ಕೇ ಹೀಗೆ," ಎಂದರು ಮಾವ. ಅಯ್ಯೋ ದೇವರೇ, ಆಗಲೂ ಬಾಯಿ ಮುಚ್ಚಿಕೊಳ್ಳಬಾರದೇ!

ಹುಡುಗಿ ಜೋರಾಗಿ ನಕ್ಕಳು. "ಹಾಗಾದ್ರೆ ನೀವೇ ಕಲಿಸಬೇಕು. ಮೊದಲು ನೆರಿಯಕ್ಕೆ ಫೋನ್ ಮಾಡಿ."

"ಈಗಲಾ? ಕೈಯೆಲ್ಲ ಮಸಿ..."

ಅವಳೇ ಮಾವನ ಅಂಗಿಯ ಜೇಬಿನಿಂದ ಫೋನು ತೆಗೆದು, ಬೆಳಿಗ್ಗೆ ಮಾತಾಡಿದ ನಂಬರ್ ಒತ್ತಿ, ಅವರ ಕಿವಿಗೆ ಹಿಡಿದಳು. ಆ ಕಡೆಯಿಂದ "ಹಲೋ, ಹಲೋ" ಎನ್ನುವುದು ನನಗೂ ಕೇಳುತ್ತಿತ್ತು. ಮಾವ ಮುಂಗೈಯಿಂದ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ಮಸಿ ಬಳಿದುಕೊಂಡರು.

ಕೊನೆಗೆ ಅವಳೇ ಫೋನು ತನ್ನ ಕಿವಿಗಿಟ್ಟುಕೊಂಡು ಹೇಳಿದಳು: "ಅವರು ರೂಮಿಗೆ ಬರುವುದಿಲ್ಲ. ನಮ್ಮೊಟ್ಟಿಗೇ ಇರ್ತಾರೆ."