ನಮ್ಮ ಮಗಳ ಗಂಜಿಯನ್ನು ಅರ್ಧಕ್ಕೇ ಬಿಟ್ಟುಹೋದ ಕ್ರೇನಿಗೆ

ಗೆ,
ಹಳದಿ ಬಣ್ಣದ ಶ್ರೀಮಾನ್ ಟವರ್ ಕ್ರೇನ್ ಅವರು,
ಮೊದಲು: ಕೊಂಡಾಪುರ, ನಮ್ಮ ಬಾಲ್ಕನಿಯ ಎದುರು. ಈಗ: ಮಿಯಾಪುರದ ಕಡೆ ಎಲ್ಲೋ.

ಮಾನ್ಯರೇ,

ತಮ್ಮ ಉಕ್ಕಿನ ದೇಹ ಕ್ಷೇಮವೇ, ಹಗ್ಗಗಳಿಗೆ ಗ್ರೀಸು ಸಕಾಲಕ್ಕೆ ಸಿಗುತ್ತಿದೆಯೇ, ಮಿಯಾಪುರದ ಗಾಳಿ ತಮ್ಮ ಎತ್ತರದ ಆರೋಗ್ಯಕ್ಕೆ ಒಗ್ಗಿದೆಯೇ ಎಂದು ವಿಚಾರಿಸುತ್ತಾ, ತಮಗೆ ಅನಂತ ವಂದನೆಗಳನ್ನು ಸಲ್ಲಿಸಿ ಈ ದೂರನ್ನು ಆರಂಭಿಸುತ್ತಿದ್ದೇನೆ. ನನ್ನ ಹೆಸರು ಕೋಕಿಲಾ. ಊರು ಕುಂದಾಪುರದ ಕಡೆ, ಈಗಿರುವುದು ಈ ತೆಲುಗು ಮಹಾನಗರದಲ್ಲಿ. ಇಲ್ಲಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ತಮಗೆ ಹೆಸರು ಗೊತ್ತಿರಲಿಕ್ಕಿಲ್ಲ, ಆದರೆ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ಕಂಕುಳಲ್ಲೊಂದು ಮಗು, ಕೈಯಲ್ಲೊಂದು ಬಟ್ಟಲು ಹಿಡಿದು ತಲೆ ಬಾಚದೆ ನಿಂತಿರುತ್ತಿದ್ದ ಹೆಂಗಸನ್ನು ತಾವು ನೋಡದೇ ಇರಲು ಸಾಧ್ಯವಿಲ್ಲ. ಆ ಮಗು ನನ್ನ ಮಗಳು ಪೂರ್ವಿ. ವಯಸ್ಸು ಒಂದು ವರ್ಷ ನಾಲ್ಕು ತಿಂಗಳು; ತೂಕ, ತಾವು ಬರುವ ಹೊತ್ತಿಗೆ, ಡಾಕ್ಟರು ಕನ್ನಡಕ ಒರೆಸಿಕೊಂಡು ಚೀಟಿಯನ್ನು ಮತ್ತೊಮ್ಮೆ ನೋಡುವಷ್ಟು.

ನನ್ನ ಗಂಜಿಯ ಬಗ್ಗೆ ಯಾರೂ ಸೊಲ್ಲೆತ್ತಬಾರದು ಎಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನೆನೆಹಾಕಿದ ರಾಗಿಯನ್ನು ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ, ಆ ಹಾಲನ್ನು ಸಣ್ಣ ಉರಿಯಲ್ಲಿ ಗಂಟು ಕಟ್ಟದ ಹಾಗೆ ಕೈಬಿಡದೆ ತಿರುವಿ, ಒಂದು ಚೂರು ಬೆಲ್ಲ, ಅರ್ಧ ಚಮಚ ತುಪ್ಪ ಹಾಕಿ ಇಳಿಸಿದ ಮಣ್ಣಿ ಒಂದು ದಿನ. ಅಕ್ಕಿ, ಹೆಸರುಬೇಳೆ ಹುರಿದು ತರಿ ಮಾಡಿ ಮೆತ್ತಗೆ ಬೇಯಿಸಿ ಕ್ಯಾರೆಟ್ ಹಿಸುಕಿ ಸೇರಿಸಿದ ಗಂಜಿ ಇನ್ನೊಂದು ದಿನ. ಅಮ್ಮ ಫೋನಿನಲ್ಲಿ ಏಲಕ್ಕಿ ಹಾಕೆಂದರು, ಹಾಕಿದೆ. ಅತ್ತೆ ಏಲಕ್ಕಿ ಹಾಕಿದ್ದಕ್ಕೇ ತಿನ್ನುತ್ತಿಲ್ಲವೆಂದರು, ತೆಗೆದೆ. ಇದೆಲ್ಲದಕ್ಕೂ ನಮ್ಮ ಮಹಾರಾಣಿಯ ಉತ್ತರ ಒಂದೇ: ಬಿಗಿದ ತುಟಿ. ಬಲವಂತ ಮಾಡಿದರೆ ಉಗಿದ ಗಂಜಿ ನನ್ನ ಆಫೀಸಿನ ದುಪಟ್ಟಾದ ಮೇಲೆ, ಕೆಳಗೆ ಕ್ಯಾಬ್ ಡ್ರೈವರನ ಹಾರ್ನು, ನನ್ನ ಕಣ್ಣಲ್ಲಿ ನೀರು.

ಇಂಥ ಹೊತ್ತಿನಲ್ಲಿ ತಾವು ಎದುರಿನ ಸೈಟಿನಲ್ಲಿ ಅವತರಿಸಿದಿರಿ. ಮೊದಲ ವಾರ ತಮ್ಮ ಗಡಗಡ ಸದ್ದಿಗೆ ಬೆಚ್ಚಿಬಿದ್ದು ಬಾಯಿಗೆ ಬಂದಂತೆ ಬೈದೆನೆಂಬುದು ನಿಜ, ಕ್ಷಮೆಯಿರಲಿ. ಎರಡನೇ ವಾರದ ಒಂದು ಬೆಳಿಗ್ಗೆ ತಾವು ಆ ಉದ್ದ ತೋಳನ್ನು ಗಂಭೀರವಾಗಿ ತಿರುಗಿಸಿದಿರಿ, ಮಗಳು 'ಆ' ಎಂದು ಬಾಯಿ ತೆರೆದಳು, ನಾನು ಚಮಚ ತೂರಿಸಿದೆ, ಅವಳು ನುಂಗಿಬಿಟ್ಟಳು! ಅಂದಿನಿಂದ ಕೊಕ್ಕೆ ಮೇಲೇರಿದರೆ ಒಂದು ಚಮಚ, ತೋಳು ತಿರುಗಿದರೆ ಎರಡು. ಸ್ಲ್ಯಾಬಿನ ಕಾಂಕ್ರೀಟು ಎತ್ತುವ ದಿನ ಬಟ್ಟಲೇ ಖಾಲಿ. ನನ್ನ ಗಂಡ ಋಷಭ್, ಒಂದು ದಿನಕ್ಕೂ ರಾಗಿ ಸೋಸಿದವನಲ್ಲ, ತಮ್ಮ ದಿನಚರಿಗೆ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಪಟ್ಟಿ ತಯಾರಿಸಿ ಫ್ರಿಜ್ಜಿಗೆ ಅಂಟಿಸಿದ. ಭಾನುವಾರ ತಮಗೆ ರಜೆ, ಆದ್ದರಿಂದ ಮಗಳಿಗೆ ಉಪವಾಸ. ಹಡೆದ ತಾಯಿಯ ಕೈಯಲ್ಲಾಗದ್ದನ್ನು ಬಾಡಿಗೆಗೆ ತಂದ ಕಬ್ಬಿಣ ಮಾಡಿ ತೋರಿಸಿತಲ್ಲ, ತಮ್ಮ ಪಾದಕ್ಕೆ, ಅಂದರೆ ತಮ್ಮ ನಟ್ಟು ಬೋಲ್ಟುಗಳಿಗೆ, ದೊಡ್ಡ ನಮಸ್ಕಾರ.

ಕೆಳಗೆ ನಿಂತು ಶಿಳ್ಳೆ ಊದಿ, ಬಾವುಟ ಬೀಸಿ ತಮ್ಮನ್ನು ಆಡಿಸುತ್ತಿದ್ದ ಹುಲಗೇಶನನ್ನು ತಾವು ಮರೆತಿಲ್ಲವೆಂದು ನಂಬಿದ್ದೇನೆ. ಲಿಂಗಸುಗೂರಿನ ಕಡೆಯವನು. ನನ್ನ ಚಮಚ ಗಾಳಿಯಲ್ಲೇ ಕಾಯುವುದನ್ನು ಅವನು ಯಾವಾಗ ಕಂಡನೋ ಕಾಣೆ, ಎಷ್ಟೋ ದಿನ ಯಾವ ಹೊರೆಯೂ ಇಲ್ಲದೆ ತಮ್ಮ ಖಾಲಿ ಕೊಕ್ಕೆ ಒಂದು ಸುತ್ತು ಮೇಲೇರಿ ಇಳಿದದ್ದಕ್ಕೆ ಆ ಪುಣ್ಯಾತ್ಮನೇ ಕಾರಣ.

ತಾವು ಕೆಟ್ಟು ನಿಂತ ದಿನದ ಕಥೆ ತಮಗೆ ತಿಳಿದಿರಲಿಕ್ಕಿಲ್ಲ. ನಾನು ಮಗಳನ್ನೂ ಬಟ್ಟಲನ್ನೂ ಎತ್ತಿಕೊಂಡು ಸೈಟಿನ ಗೇಟಿಗೇ ಹೋಗಿ, ಕ್ರೇನು ಎಷ್ಟೊತ್ತಿಗೆ ರಿಪೇರಿಯಾಗುತ್ತದೆ, ನನ್ನ ಮಗಳ ಊಟಕ್ಕೆ ತಡವಾಗುತ್ತಿದೆ ಎಂದು ಗದರಿಸಿ ಕೇಳಿದೆ. ಹುಲಗೇಶನ ಹೆಂಡತಿ ಯಂಕಮ್ಮ ತಲೆಯ ಮೇಲಿನ ಇಟ್ಟಿಗೆ ಇಳಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೇಟಿನ ಪಕ್ಕದ ಮರಳಿನ ಮೇಲೆ ಅವಳ ಮಗ ಸಂಗಣ್ಣ, ನನ್ನ ಮಗಳಿಗಿಂತ ಎರಡು ತಿಂಗಳಿಗೆ ದೊಡ್ಡವನು, ತಟ್ಟೆಯಲ್ಲಿ ಮೆತ್ತಗೆ ಬೆಂದ ಜೋಳದ ನುಚ್ಚು ಹರಡಿಕೊಂಡು ಮುಖಕ್ಕೆ, ಹೊಟ್ಟೆಗೆ, ಮರಳಿಗೆ ಸಮನಾಗಿ ಹಂಚುತ್ತಿದ್ದ. ಪೂರ್ವಿ ನನ್ನ ಕಂಕುಳಿನಿಂದ ಜಾರಿ, ಅವನೆದುರು ಕೂತು, ಅದೇ ತಟ್ಟೆಗೆ ಕೈ ಹಾಕಿ ತಿನ್ನತೊಡಗಿದಳು. ಕೈ ತೊಳೆದಿಲ್ಲ ಎಂದು ನಾನು ಹೌಹಾರಿದರೆ ಯಂಕಮ್ಮ ನನ್ನ ರಟ್ಟೆ ಹಿಡಿದು ಕೂರಿಸಿ ಅಂದದ್ದಿಷ್ಟು: "ಇಷ್ಟ್ ದಿನ ಮಶೀನ್ ನೋಡಿ ಬಾಯಿ ತೆಗ್ದೈತ್ರಿ ಅಕ್ಕಾರ, ಹಸಿವಾಗಿ ಅಲ್ಲ. ನೀವು ಸುಮ್ಮ ಕುಂದರ್ರಿ, ಕೂಸು ಉಣ್ಣಾಕತ್ತೈತಿ."

ಮುಂದಿನ ಆರು ವಾರ ನಾನು ಸುಮ್ಮನೆ ಕೂತೆ. ತಾವು ರಿಪೇರಿಯಾಗಿ ಮತ್ತೆ ತಿರುಗತೊಡಗಿದ ಮೇಲೂ ಬೆಳಿಗ್ಗೆ ಗೇಟಿನ ಪಕ್ಕ ನನ್ನ ಮಣ್ಣಿಯೂ ಅವಳ ನುಚ್ಚೂ ಒಂದೇ ಚಾಪೆಯ ಮೇಲೆ. ಇವಳದ್ದು ಅವನು, ಅವನದ್ದು ಇವಳು. ಜೋಳವನ್ನು ಎಷ್ಟು ಸಣ್ಣಗೆ ಒಡೆಯಬೇಕು, ಬೇಳೆ ಎಷ್ಟು, ಇಳಿಸುವ ಮುಂಚೆ ಬೆರಳ ನಡುವೆ ಹಿಸುಕಿ ನೋಡುವುದು ಹೇಗೆ ಎಂಬುದೆಲ್ಲ ಯಂಕಮ್ಮ ಇಟ್ಟಿಗೆ ಹೊತ್ತು ಹೋಗಿ ಬರುವ ನಡುವೆ ಕಂತುಕಂತಾಗಿ ಹೇಳಿಕೊಟ್ಟಳು. ಮಗಳು ಅರ್ಧ ಕಿಲೋ ಏರಿದಳು. ಡಾಕ್ಟರು ಯಾವ ಟಾನಿಕ್ ಕೊಟ್ಟಿರಿ ಎಂದರು. ಮರಳು ಎನ್ನಲು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಆಮೇಲೆ, ಮಾನ್ಯರೇ, ಒಂದು ಸೋಮವಾರ ತಾವೇ ಇರಲಿಲ್ಲ. ತಮ್ಮನ್ನು ತುಂಡುತುಂಡಾಗಿ ಬಿಚ್ಚಿ ಲಾರಿಗೇರಿಸಿದ್ದರು. ಹುಲಗೇಶನ ಸಂಸಾರವೂ ತಮ್ಮ ಜೊತೆಗೇ ಹೋಗಿತ್ತು. ಸುತ್ತಲಿನವರಿಗೆ ಧೂಳು, ಸದ್ದು ಅಸಹನೀಯವಾಗಿದೆಯೆಂದು ನಮ್ಮ ಅಪಾರ್ಟ್‌ಮೆಂಟಿನ ಅರುವತ್ತೆರಡು ಮನೆಯವರು ಸಹಿ ಹಾಕಿದ ಅರ್ಜಿಗೆ, ನಗರಪಾಲಿಕೆ ಕಚೇರಿಯವರು ಎಂದೂ ಇಲ್ಲದ ಚುರುಕಿನಿಂದ ಕೆಲಸ ನಿಲ್ಲಿಸುವ ಆದೇಶ ಕೊಟ್ಟರು. ಕೆಲಸ ನಿಂತ ಮೇಲೆ ಸೈಟಿನ ಮಾಲೀಕರು ತಮ್ಮನ್ನು ಸುಮ್ಮನೆ ನಿಲ್ಲಿಸಿಕೊಳ್ಳುವರೇ? ಆ ಅರ್ಜಿ ಎಂಥ ಅರ್ಜಿ ಅಂತೀರಿ! ಒಂದು ತಪ್ಪಿಲ್ಲ, ಒಂದು ಸಡಿಲ ಮಾತಿಲ್ಲ. ಇರಲು ಹೇಗೆ ಸಾಧ್ಯ, ಬರೆದವಳು ನಾನೇ. ತಾವು ಬಂದ ಮೊದಲ ವಾರ, ನಮ್ಮ ಸಂಘದ ಕಾರ್ಯದರ್ಶಿ ಚಂದ್ರಕಾಂತರು ಬಾಗಿಲಿಗೆ ಬಂದು, ನಿಮ್ಮ ಬರವಣಿಗೆ ಚೆನ್ನಾಗಿದೆಯಂತಲ್ಲ ಎಂದು ಹೊಗಳಿದ್ದೇ ತಡ, ಉಬ್ಬಿಹೋಗಿ ಎರಡು ಪುಟ ಬರೆದುಕೊಟ್ಟೆ. ಅರ್ಜಿಗೆ ಸ್ವಲ್ಪ ಕರುಣೆಯಿರಲಿ ಎಂದು, ಕ್ರೇನಿನ ಸದ್ದಿನಿಂದಾಗಿ ನನ್ನ ಹಾಲುಗೂಸು ಗಂಜಿ ಮುಟ್ಟುತ್ತಿಲ್ಲ ಎಂದೂ ಸೇರಿಸಿದೆ. ಬರೆದುಕೊಟ್ಟು ಮರೆತೂಬಿಟ್ಟೆ. ಸರ್ಕಾರಿ ಕಚೇರಿ ಅರ್ಜಿಯನ್ನು ಓದುತ್ತದೆಂದು ಯಾರಿಗೆ ಗೊತ್ತಿತ್ತು?

ಈಗ ಮಗಳು ಬಾಲ್ಕನಿಯ ಕಂಬಿ ಹಿಡಿದು ಬರಿ ಆಕಾಶಕ್ಕೆ 'ಆ' ಎನ್ನುತ್ತಾಳೆ, ಚಮಚ ಹತ್ತಿರ ತಂದರೆ ಬಾಯಿ ಮುಚ್ಚುತ್ತಾಳೆ. ಏರಿದ ಅರ್ಧ ಕಿಲೋದಲ್ಲಿ ಅರ್ಧ ಆಗಲೇ ಇಳಿದಿದೆ. ನನಗೆ ಹೆದರಿಕೆಯಾಗುತ್ತಿದೆ. ಆದ್ದರಿಂದ ತಾವು ದಯಮಾಡಿ ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಮಿಯಾಪುರದಿಂದಲೇ ತೋಳು ಚಾಚಿ, ಸಂಗಣ್ಣನನ್ನು ಅವನ ತಟ್ಟೆಯ ಸಮೇತ ಕೊಕ್ಕೆಗೆ ಸಿಕ್ಕಿಸಿ ನಮ್ಮ ಬಾಲ್ಕನಿಯಲ್ಲಿ ಇಳಿಸಿ, ಊಟವಾದ ಮೇಲೆ ಒಯ್ಯಬೇಕಾಗಿ ಕೋರುತ್ತೇನೆ. ಅದಾಗದಿದ್ದರೆ ನಮ್ಮ ಅಪಾರ್ಟ್‌ಮೆಂಟನ್ನೇ ಎತ್ತಿ ತಮ್ಮ ಪಕ್ಕಕ್ಕಿಟ್ಟುಕೊಳ್ಳಿ. ಅರುವತ್ತೊಂದು ಮನೆಗಳನ್ನು ದಾರಿಯಲ್ಲಿ ಚೆಲ್ಲಿದರೂ ನನ್ನ ಆಕ್ಷೇಪವಿಲ್ಲ. ಕಳೆದ ಭಾನುವಾರ ಮಗಳನ್ನು ಎತ್ತಿಕೊಂಡು ಮಿಯಾಪುರಕ್ಕೆ ಬಂದಿದ್ದೆ. ಅಲ್ಲಿ ಹನ್ನೊಂದು ಹಳದಿ ಕ್ರೇನುಗಳಿದ್ದವು. ಅಷ್ಟೂ ಗೇಟುಗಳಲ್ಲಿ ಹುಲಗೇಶನ ಹೆಸರು ಹೇಳಿ ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ.

ಬಟ್ಟಲು ಹಿಡಿದೇ ನಿಂತಿರುವ,
ತಮ್ಮ ವಿಶ್ವಾಸಿ,
ಕೋಕಿಲಾ

ವಿ.ಸೂ.: ಮಿಯಾಪುರದವರಿಗೂ ಅಲ್ಲಿನ ಕ್ರೇನುಗಳ ಸದ್ದು ತಡೆಯಲಾಗುತ್ತಿಲ್ಲವಂತೆ. ನನ್ನ ಅರ್ಜಿ ಭಾರೀ ಗುಣಕಾರಿ ಎಂಬ ಸುದ್ದಿ ಹಬ್ಬಿ, ಚಂದ್ರಕಾಂತರು ಅದರ ಒಂದು ಪ್ರತಿಯನ್ನು ಅಲ್ಲಿಗೆ ಕಳಿಸಿದ್ದಾರೆ. ವಿಳಾಸ ಬಿಟ್ಟು ಬೇರೇನನ್ನೂ ಬದಲಿಸಿಲ್ಲವಂತೆ, ಗಂಜಿ ಮುಟ್ಟದ ಹಾಲುಗೂಸೂ ಹಾಗೇ ಇದೆ. ತಮ್ಮಿಂದಾಗಿ ಅವಳು ತಿನ್ನುತ್ತಿಲ್ಲ ಎಂಬುದು ಬರೆದ ದಿನ ಸುಳ್ಳು, ತಾವು ಹೋದ ಮೇಲೆ ನಿಜವಾಗಿದೆ. ಆದ್ದರಿಂದ ಗಂಟುಮೂಟೆ ಕಟ್ಟಲು ಸಿದ್ಧರಾಗಿರಿ. ಬರೆದವಳು ಯಾರೆಂದು ಯಂಕಮ್ಮನಿಗೆ ಮಾತ್ರ ಹೇಳಬೇಡಿ, ನಿಮ್ಮ ದಮ್ಮಯ್ಯ. ಲಾರಿ ಹತ್ತುವ ಮುಂಚೆ ಅವಳು ನಾಲ್ಕು ಮಹಡಿ ಹತ್ತಿ ಬಂದು, ಕೂಸಿಗೆ ಇರಲಿ ಎಂದು ತಾನೇ ಒಡೆದ ಒಂದು ಸೇರು ಜೋಳದ ನುಚ್ಚು ಕೊಟ್ಟುಹೋಗಿದ್ದಾಳೆ.