ಬರಿದಾಗಿ ಬಾರದ ಪೆನ್ ಡ್ರೈವ್

ಶನಿವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ, ಏಕೆಂದರೆ ಆಗ ಹೆಂಡತಿಯ ಮುಖ ನೋಡುವ ಧೈರ್ಯವಿಲ್ಲದೆ ಕಂಪ್ಯೂಟರಿನ ಮೂಲೆಯಲ್ಲಿದ್ದ ಗಡಿಯಾರವನ್ನೇ ನೋಡುತ್ತಿದ್ದೆ. ಸುಜಾತಳ ಪಿಎಚ್.ಡಿ. ಪ್ರಬಂಧವಿದ್ದ ಫೋಲ್ಡರಿನ ಮೇಲೆ ಎಲ್ಲಿಂದಲೋ ಒಂದು ಪುಟ್ಟ ಬಾಣದ ಗುರುತು ಬಂದು ಕೂತಿತ್ತು. ಒತ್ತಿದರೆ ಪರದೆ ಒಮ್ಮೆ ಮಿಟುಕಿ ಸುಮ್ಮನಾಗುತ್ತಿತ್ತು. ಆರು ವರ್ಷದ ಕೆಲಸ ಅದು. ಮಳವಳ್ಳಿಯ ಕಾಲೇಜಿನಲ್ಲಿ ಪಾಠ ಮಾಡಿ, ಬಸ್ಸಿನಲ್ಲಿ ನಿಂತುಕೊಂಡೇ ಮದ್ದೂರಿಗೆ ಬಂದು, ಒಲೆಯ ಮೇಲೆ ಸಾರಿಟ್ಟು ಅದು ಕುದಿಯುವಷ್ಟರಲ್ಲಿ ಒಂದೊಂದೇ ಪುಟ ಬರೆದದ್ದು. ಗುರುವಾರ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕಿತ್ತು. ಅದೇ ಕೊನೆಯ ದಿನ.

ನಾನು ಬಿ.ಎಸ್ಸಿ. ಓದಿದವನು, ಗೆಜ್ಜಲಗೆರೆಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಈ ಎರಡು ಕಾರಣಗಳಿಗಾಗಿ ಮನೆಯಲ್ಲಿ ಕರೆಂಟು ಕುಡಿಯುವ ವಸ್ತುಗಳೆಲ್ಲ ನನ್ನ ಸುಪರ್ದಿಗೆ ಸೇರಿವೆ. "ಬೇರೆ ಕಡೆ ಒಂದು ಕಾಪಿ ಇಟ್ಟಿದ್ದೀರಿ ತಾನೇ?" ಎಂದಳು ಸುಜಾತ. ಇಟ್ಟಿದ್ದೆ. ಅದೇ ಕಂಪ್ಯೂಟರಿನಲ್ಲಿ, ಪಕ್ಕದ ಫೋಲ್ಡರಿನಲ್ಲಿ. ಅದಕ್ಕೂ ಬಾಣ ಬಂದಿತ್ತು. ಅವಳು ಬೈಯಲಿಲ್ಲ. ಅಟ್ಟ ಹತ್ತಿ ಹಳೆಯ ಕೈಬರಹದ ಹಾಳೆಗಳನ್ನು ಇಳಿಸಿ, ಸೀರೆಯ ಸೆರಗಿನಿಂದ ಧೂಳು ಒರೆಸತೊಡಗಿದಳು. ಬೈದಿದ್ದರೇ ಚೆನ್ನಾಗಿತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಬಾಣ.

ಭಾನುವಾರ ಕಂಪ್ಯೂಟರಿನ ಡಬ್ಬವನ್ನು ಟವೆಲ್ಲಿನಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲುಗಳ ನಡುವೆ ಕೂರಿಸಿಕೊಂಡು ಪೇಟೆ ಬೀದಿಯ ಸಲೀಮನ ರಿಪೇರಿ ಅಂಗಡಿಗೆ ಒಯ್ದೆ. ಸಲೀಮ ಎರಡು ನಿಮಿಷ ನೋಡಿದ. "ಇದು ವೈರಸ್ಸಲ್ಲ ಸಾ, ವರ್ಮು. ಹುಳ. ಪೆನ್ ಡ್ರೈವ್ ಹತ್ಕೊಂಡು ಮನೆಯಿಂದ ಮನೆಗೆ ತಾನೇ ಓಯ್ತದೆ. ಒಳಗೆ ಬಂದ್ಮೇಲೆ ವಾರಗಟ್ಟಲೆ ಒಂದೊಂದೇ ಫೋಲ್ಡರು ಹಿಡೀತಾ ಬತ್ತದೆ. ನಿಮ್ ಫೈಲನ್ನ ಒಳಗೆ ಬಚ್ಚಿಟ್ಟು, ಅದರ ವೇಸ ಹಾಕ್ಕೊಂಡು ಬಾಗಿಲಲ್ಲಿ ಕೂತದೆ. ನೀವು ಒತ್ತಿದಷ್ಟೂ ಅದಕ್ಕೆ ಊಟ. ಎಷ್ಟು ಸಲ ಒತ್ತಿದ್ರಿ?"

"ಒಂದೆರಡು ಸಲ" ಎಂದೆ. ನಲವತ್ತು ಸಲವಾದರೂ ಒತ್ತಿದ್ದೆ.

ಸಲೀಮ ಮೊದಲು ಓಡುತ್ತಿದ್ದ ಹುಳವನ್ನು ನಿಲ್ಲಿಸಿದ. ಕಂಪ್ಯೂಟರ್ ಹಾಕಿದಾಗಲೆಲ್ಲ ಅದು ತಾನಾಗಿ ಏಳುವಂತೆ ಮಾಡಿಕೊಂಡಿದ್ದ ಏರ್ಪಾಡನ್ನು ಹುಡುಕಿ ಕಿತ್ತ. ಬಚ್ಚಿಟ್ಟ ಫೋಲ್ಡರುಗಳನ್ನು ಈಚೆಗೆ ಕರೆದ. ಪ್ರಬಂಧ ಬಂತು, ಅಡಿಟಿಪ್ಪಣಿಗಳ ಸಮೇತ. ಸುಜಾತ ಹಾಳೆಗಳನ್ನು ಅಟ್ಟಕ್ಕೆ ಹಾಕಿ, ಎರಡು ದಿನದಲ್ಲಿ ಮೊದಲ ಬಾರಿಗೆ ನನಗೆ ಕಾಫಿ ಕೊಟ್ಟಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎದುರು ಮನೆಯಲ್ಲಿ ಜಯಮ್ಮ ಚಿಕ್ಕಮ್ಮ ಇದ್ದಾರೆ, ನಮ್ಮ ಅಮ್ಮನ ತಂಗಿ. ಅವರ ಸೊಸೆ ಬ್ಲೌಸಿನ ಡಿಸೈನುಗಳನ್ನು ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಹೊಲಿಯುವವಳು. ನಮ್ಮ ಪೆನ್ ಡ್ರೈವ್ ಅವಳ ಹತ್ತಿರವೇ ಇತ್ತು. ಚಿಕ್ಕಮ್ಮ ಹುಟ್ಟಿದಂದಿನಿಂದ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂತಿರುಗಿಸಿದವರಲ್ಲ. ಸಾರಿನ ಬಟ್ಟಲು ಹೋದರೆ ಅವರೆಕಾಳು ತುಂಬಿಕೊಂಡು ಬರುತ್ತದೆ, ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆ. ಸೋಮವಾರ ಮುದ್ರಣಕ್ಕೆಂದು ಪೆನ್ ಡ್ರೈವ್ ಕೇಳಿದೆ. ಒಂದು ಗಂಟೆ ಬಿಟ್ಟು ಕಳಿಸಿದರು. ಚುಚ್ಚಿ ನೋಡಿದರೆ ಹದಿನೇಳು ದೇವರ ಹಾಡು, ಬಸ್ಸಾರು ಮಾಡುವ ಒಂದು ವಿಡಿಯೋ. ಜೊತೆಗೆ ನನ್ನ ಹಳೆಯ ಪರಿಚಯದ ಬಾಣ.

ನಾನು ರಸ್ತೆ ದಾಟಿ ಕೂಗಾಡಿದೆ. "ಯಾಕ್ ಚಿಕ್ಕಮ್ಮ, ಖಾಲಿ ಕೊಟ್ಟಿದ್ರೆ ಏನಾಯ್ತಿತ್ತು?"

"ಬರೀದು ಕೊಟ್ರೆ ಏಳ್ಗೆ ಆಯ್ತದೇನ್ಲಾ? ನಿನ್ ಎಂಡ್ರು ಸುಭಕಾರ್ಯಕ್ಕೆ ಓಯ್ತಾವ್ಳೆ ಅಂತ ದೇವ್ರ ಆಡು ತುಂಬ್ಸಿದ್ರೆ, ಉಳ ಅಂತೀಯಲ್ಲಲಾ! ನಮ್ಮನೆ ಅಕ್ಕಿಲೇ ಉಳ ಇಲ್ಲ, ಇದ್ರಲ್ಲೆಲ್ಲಿಂದ ಬತ್ತದೆ?"

"ಇನ್ಮೇಲೆ ನಿಮ್ಮನೇದು ನಮ್ಮನೆಗೆ ಏನೂ ಬ್ಯಾಡ" ಎಂದುಬಿಟ್ಟೆ. ಚಿಕ್ಕಮ್ಮ ಬಾಗಿಲು ಹಾಕಿಕೊಂಡರು. ಇತ್ತ ಸುಜಾತ ಮತ್ತೆ ಅಟ್ಟ ಹತ್ತಿದಳು.

ಮಂಗಳವಾರ ಸಲೀಮನೇ ಬಂದ. ಎರಡೂ ಮನೆಯ ಕಂಪ್ಯೂಟರನ್ನು ಒಟ್ಟಿಗೆ ತೊಳೆಯದಿದ್ದರೆ ಇದು ಸಾಯುವುದಿಲ್ಲ ಎಂದ. ಸಂಜೆಯವರೆಗೂ ರಸ್ತೆಯ ಆ ಕಡೆಗೂ ಈ ಕಡೆಗೂ ಓಡಾಡಿ, ಪೆನ್ ಡ್ರೈವನ್ನೂ ಅಳಿಸಿ, ಕೊನೆಗೆ ನನ್ನನ್ನು ಗೇಟಿನ ಹತ್ತಿರ ಕರೆದ.

"ಸಾ, ಅವರ ಮನೆಗೆ ಹುಳ ಬಂದಿರೋದು ಹೋದ ತಿಂಗಳು ಎಂಟನೇ ತಾರೀಕು. ನಿಮ್ಮನೆಗೆ ಒಂದನೇ ತಾರೀಕು. ಭಾನುವಾರ ತೆಗೆಯೋವಾಗಲೇ ಗುರುತು ಹಾಕ್ಕೊಂಡಿದ್ದೆ. ಒಂದನೇ ತಾರೀಕು ಏನ್ ಚುಚ್ಚಿದ್ರಿ?"

ನೆನಪಾಯಿತು. ಲ್ಯಾಬಿನ ಗೆಳೆಯನ ಪೆನ್ ಡ್ರೈವಿನಿಂದ ಮೂರು ಸಿನಿಮಾ ಇಳಿಸಿಕೊಂಡಿದ್ದೆ. ಅದಾದ ಮೇಲೆಯೇ ನಮ್ಮದನ್ನು ಚಿಕ್ಕಮ್ಮನ ಸೊಸೆಗೆ ಕೊಟ್ಟದ್ದು. ಅಂದರೆ ಬರಿದಾಗಿ ಕೊಡದವನು ನಾನೇ.

"ಯಾರಿಗೂ ಹೇಳಬೇಡಪ್ಪ" ಎಂದೆ. ಸಲೀಮ ನಕ್ಕು ಗಾಡಿ ಹತ್ತಿದ.

ಬುಧವಾರ ಮುದ್ರಣ, ಗುರುವಾರ ಬೆಳಿಗ್ಗೆ ಮೈಸೂರು. ಸುಜಾತ ಪ್ರಬಂಧ ಒಪ್ಪಿಸಿ, ರಸೀದಿಯನ್ನು ಮಗುವಿನಂತೆ ಎದೆಗೆ ಒತ್ತಿಕೊಂಡು ಬಂದಳು. ಸಂಜೆ ಎಲ್ಲ ಒಪ್ಪಿಕೊಂಡುಬಿಡೋಣವೆಂದು ನಾನು ರಸ್ತೆ ದಾಟುವ ಮೊದಲೇ ಚಿಕ್ಕಮ್ಮ ದಾಟಿ ಬಂದರು. ಕಣ್ಣು ಒದ್ದೆಯಾಗಿತ್ತು. "ನನ್ನಿಂದ ಅವಳ ಓದೆಲ್ಲ ಆಳಾಗೋಯ್ತಿತ್ತಲ್ಲೋ ಮಗ. ಮನ್ಸಲ್ಲಿ ಇಕ್ಕೋಬ್ಯಾಡ ಕಣ್ಲಾ."

ನಾನು ಬಾಯಿ ತೆರೆದೆ. ಸುಜಾತ ಪಕ್ಕದಲ್ಲೇ ನಿಂತಿದ್ದಳು. "ಓಗ್ಲಿ ಬುಡು ಚಿಕ್ಕಮ್ಮ, ಗೊತ್ತಿಲ್ದೆ ಆಗಿದ್ದು" ಎಂದು ದೊಡ್ಡ ಮನಸ್ಸಿನಿಂದ ಅವರನ್ನು ಕ್ಷಮಿಸಿದೆ.

ತಪ್ಪು ಮಾಡಿದವನಿಗೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಾರೆ. ಹೇಳುವವರಿಗೆ ಅನುಭವ ಸಾಲದು. ಆ ಗುರುವಾರ ಹತ್ತಕ್ಕೆ ಮಲಗಿದವನು ಬೆಳಿಗ್ಗೆ ಆರೂವರೆಯವರೆಗೆ ಒಮ್ಮೆಯೂ ಮಗ್ಗುಲು ಬದಲಿಸಲಿಲ್ಲವಂತೆ.