ಮೇಡಮ್ಮೋರೇ ಓದ್ರು

ಕರೆಂಟ್ ಬಿಲ್ಲಿನ ಕೆಲಸದಲ್ಲಿ ನಗಬಾರದು ಅಂತ ಪ್ರತಿ ತಿಂಗಳೂ ಒಂದನೇ ತಾರೀಕು ತೀರ್ಮಾನ ಮಾಡುತ್ತೇನೆ. ಐದನೇ ತಾರೀಕಿನೊಳಗೆ ಯಾರಾದರೂ ಬಂದು ಅದನ್ನು ಕೆಡಿಸುತ್ತಾರೆ.

ನಾನು ಹೊಳೆನರಸೀಪುರದ ವಿದ್ಯುತ್ ಕಚೇರಿಯಲ್ಲಿ ಬಿಲ್ಲಿಂಗ್ ಗುಮಾಸ್ತೆ. ಅರಕಲಗೂಡು ಕಡೆಯ ಹುದ್ದೆ ಖಾಲಿ ಇರುವುದರಿಂದ ಅಲ್ಲಿನದೂ ನನ್ನ ತಲೆಗೇ. ಮೀಟರ್ ರೀಡರ್ ಮನೆಮನೆ ಸುತ್ತಿ ತಂದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದರೆ, ಅದು ಸರಿ ಕಂಡದ್ದನ್ನು ನುಂಗಿಕೊಂಡು, ಅನುಮಾನದ್ದನ್ನೆಲ್ಲ ಒಂದು ಪಟ್ಟಿ ಮಾಡಿ ನನ್ನ ಮುಂದೆ ಉಗುಳುತ್ತದೆ. ಆ ಪಟ್ಟಿ ಬಿಡಿಸುವವಳು ನಾನು.

ಮನೆ ಇರುವುದು ಚನ್ನರಾಯಪಟ್ಟಣದಲ್ಲಿ. ದಿನಾ ಬಸ್ಸಿನಲ್ಲಿ ನಿಂತು ನಿಂತು ಮಂಡಿ ಸವೆದಿತ್ತು. ಅಲ್ಲೇ ಒಂದು ಜಾಗ ಖಾಲಿಯಾದಾಗ ಕುಣಿದಾಡಿಕೊಂಡು ವರ್ಗಾವಣೆಗೆ ಅರ್ಜಿ ಬರೆದೆ. ಬೆಳಗಾವಿ ಕಡೆಯಿಂದ ಹೊಸದಾಗಿ ಬಂದಿದ್ದ ಸಾಹೇಬರು, "ಈ ತಿಂಗಳ ಪಟ್ಟಿ ಪೂರ್ತಿ ಖಾಲಿ ಮಾಡ್ರೀ. ಅವತ್ತ ನಿಮ್ಮ ಅರ್ಜಿ ಹಾಸನಕ್ಕ ಕಳಸ್ತೀನಿ" ಅಂದರು. ಇದು ಆ ತಿಂಗಳಿನ ಕಥೆ.

ಹಿಂದಕ್ಕೆ ನಡೆದ ಮೀಟರ್

ಹೊಳೆನರಸೀಪುರದ ತೆಂಗಿನಕಾಯಿ ಮಂಡಿಯೊಂದರ ಮೀಟರ್ ಹೋದ ತಿಂಗಳು 540 ತೋರಿಸಿತ್ತು, ಈ ತಿಂಗಳು 109. ಮೀಟರ್ ಹಿಂದಕ್ಕೆ ನಡೆಯುವುದುಂಟೇ? ರೀಡರನ್ನು ಕರೆದು ಕೇಳಿದೆ.

"ನಾನ್ ಕಣ್ಣಾರೆ ಕಂಡಿವ್ನಿ ಮೇಡಮ್ಮೋರೇ. ಮೀಟ್ರು ಮುಂದೆ ಆಳೆತ್ತರ ಕಾಯಿ ಗುಡ್ಡೆ ಆಕಿದ್ರು. ಗುಡ್ಡೆ ಮ್ಯಾಲೆ ಅತ್ತಿ ಬೋರಲು ಮಲಗಿ, ತಲೆ ಕೆಳಗೆ ಬುಟ್ಟು ನೋಡ್ದೆ."

ನಾನು ಚೀಟಿಯ ಮೇಲೆ 109 ಅಂತ ಬರೆದು, ಚೀಟಿಯನ್ನು ತಲೆಕೆಳಗು ಮಾಡಿದೆ. 601 ಆಯಿತು.

ಅಷ್ಟರಲ್ಲಿ ಮಂಡಿ ಯಜಮಾನರಿಗೆ ಸುದ್ದಿ ಮುಟ್ಟಿ ಅವರೇ ಬಂದರು. "ಅಂಗಾದ್ರೆ ನಾನು ಕರೆಂಟ್ ಮಾಡಿ ನಿಮಗೇ ಕೊಟ್ಟಿವ್ನಿ ಅನ್ನಿ! ನಾಳೆಯಿಂದ ನಿಮ್ಮ ಆಪೀಸಿನ ಮೀಟ್ರು ಓದಕ್ಕೆ ನಾನೇ ಬತ್ತೀನಿ ಬುಡಿ."

ಕಣ್ಣು ಹೊಡೆಯುವ ಮೀಟರ್

ಪಟ್ಟಿಯಲ್ಲಿ ಅರಕಲಗೂಡಿನ ಒಂದು ಮನೆಯ ಹೆಸರಿನ ಮುಂದೆ "ಮೀಟರ್ ಕಾಣುವುದಿಲ್ಲ" ಎಂದಿತ್ತು. ಫೋನ್ ಮಾಡಿದರೆ ಅಜ್ಜಿಯೊಬ್ಬರು ಎತ್ತಿಕೊಂಡರು. ಮೀಟರಿಗೆ ದಪ್ಪ ಟವೆಲ್ ಸುತ್ತಿ ಕಟ್ಟಿದ್ದಾರಂತೆ.

"ಯಾಕಜ್ಜಿ?" ಅಂದೆ.

"ಅದ್ರಾಗೊಂದು ಕೆಂಪು ದೀಪ ಅದೆ ಕಣವ್ವ. ಅಗಲೂ ರಾತ್ರಿ ಮಿಣಿಕ್ ಮಿಣಿಕ್ ಅಂತ ಕಣ್ ಒಡೀತದೆ. ಮನೇಲಿ ವಯಸ್ಸಿಗೆ ಬಂದ ಮೊಮ್ಮಗಳವ್ಳೆ!"

"ಅಜ್ಜಿ, ಕರೆಂಟು ಓಡುವಾಗ ಆ ದೀಪ ಮಿನುಗುತ್ತೆ. ತಪ್ಪು ತಿಳಿಯಬೇಡಿ, ಟವೆಲ್ ಬಿಚ್ಚಿ."

"ಸರಿ ಕಣವ್ವ, ನೀನೇಳ್ತೀಯ ಅಂತ ಬಿಚ್ತೀನಿ. ಆದ್ರೆ ಅದುಕ್ಕೆ ಮದ್ವೆ ಆಗ್ಯದೋ ಇಲ್ವೋ, ಅದೊಂದು ಇಚಾರ್ಸಿ ಏಳು."

ಮಲ್ಲಿಪಟ್ಟಣದ ವಿದ್ಯಾರ್ಥಿ

ಮಲ್ಲಿಪಟ್ಟಣದ ಒಂದು ಮನೆಯಲ್ಲಿ ಬಳಕೆ ಸೊನ್ನೆ. ಷರಾ ಕಾಲಮ್ಮಿನಲ್ಲಿ ರೀಡರ್ ಬರೆದದ್ದು ಒಂದೇ ಪದ: "ಓದ್ರು". ನಮ್ಮ ರೀಡರಿಗೆ ಹಕಾರ ಬಾಯಲ್ಲೂ ಬರುವುದಿಲ್ಲ, ಕೈಯಲ್ಲೂ ಬರುವುದಿಲ್ಲ. ಮನೆಯವರು ಹೋದರು ಅಂತ ನನಗೆ ಗೊತ್ತಾಯಿತು. ಸಾಹೇಬರಿಗೆ ಗೊತ್ತಾಗಲಿಲ್ಲ. ಪಕ್ಕದ ಮನೆಯಾಕೆಗೆ ತಾವೇ ಫೋನ್ ಹಚ್ಚಿದರು.

"ಆ ಮನೀ ಯಜಮಾನ್ರು ಎಲ್ಲದಾರ್ರೀ?"

"ಓದ್ರು ಸಾ."

"ಏನ್ ಓದ್ಯಾರ?"

"ಎಸ್ಸೆಸ್ಸೆಲ್ಸಿ ಕಣ್ ಸಾ. ಯಾಕೆ?"

"ಅದಲ್ರೀ, ಈಗ ಏನ್ ಮಾಡಾಕತ್ತಾರ?"

"ಓದ್ರು ಅಂದ್ನಲ್ಲ ಸಾ! ಆಸನ್ಕೆ, ಮಗಳ ಮನೆಗೆ."

ಸಾಹೇಬರು ಫೋನ್ ಇಟ್ಟು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನಿಜವಾದ ಗೌರವ ಇತ್ತು. "ಈ ವಯಸ್ಸಿನ್ಯಾಗ ಮಗಳ ಮನ್ಯಾಗ ಕುಂತು ಓದಾಕತ್ತಾರಂತ್ರೀ!"

ನಗು ತಡೆದುಕೊಂಡು, "ಸಾರ್, ಈ ಕಡೆ ಓದ್ರು ಅಂದ್ರೆ ಹೋದ್ರು ಅಂತ" ಎಂದು ಪಾಠ ಹೇಳಿಕೊಟ್ಟೆ. ಅವರು ಅದನ್ನು ಡೈರಿಯಲ್ಲಿ ಬರೆದುಕೊಂಡರು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ಕೊನೆಯ ಮನೆ

ತಿಂಗಳ ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಅದೇ ಮಲ್ಲಿಪಟ್ಟಣದ ಮನೆ ಮಾತ್ರ. ಸೊನ್ನೆ ನಿಜವೋ ಸುಳ್ಳೋ, ಮತ್ತೆ ಮೀಟರ್ ನೋಡಿಯೇ ಹೇಳಬೇಕು. ಚನ್ನರಾಯಪಟ್ಟಣದ ಆಸೆ ಅಷ್ಟಿಷ್ಟಲ್ಲ. ಬಸ್ ಹತ್ತಿ ನಾನೇ ರೀಡರ್ ಜೊತೆ ಹೊರಟೆ. ಪಕ್ಕದ ಮನೆಯಾಕೆ ಬೀಗ ತೆಗೆದುಕೊಟ್ಟರು. ರೀಡರ್ ಜೇಬು ತಡಕಿ, "ಕನ್ನಡ್ಕ ಮರ್ತ್ ಬಂದ್ಬುಟ್ಟೆ ಮೇಡಮ್ಮೋರೇ, ನೀವೇ ಓದಿ" ಅಂದ. ಗಟ್ಟಿಯಾಗಿ ಓದಿದೆ. ಅಂಕಿ ಸರಿಯಾಗಿತ್ತು. ಅವನು ಕಣ್ಣು ಕಿರಿದು ಮಾಡಿಕೊಂಡು ಬರೆದುಕೊಂಡ. ನಾನು ಅಲ್ಲಿಂದಲೇ ಮನೆ ಕಡೆಗೆ ಬಸ್ ಹತ್ತಿದೆ. ಪಟ್ಟಿಯನ್ನು ಅವನು ಸಾಹೇಬರಿಗೆ ಮುಟ್ಟಿಸಿದ.

ಮಾರನೇ ದಿನ ಬರುವಷ್ಟರಲ್ಲಿ ನನ್ನ ಅರ್ಜಿ ಹಾಸನಕ್ಕೆ ಹೋಗಿತ್ತು. ಖುಷಿಯಿಂದ ಕಚೇರಿಯ ಪ್ರತಿ ನೋಡಿದೆ. ಸಾಹೇಬರ ಕೈಬರಹ: "ಅರ್ಜಿದಾರರು ಈಗಾಗಲೇ ಹೋಗಿರುತ್ತಾರೆ. ವರ್ಗಾವಣೆಯ ಅಗತ್ಯವಿಲ್ಲ."

ಓಡಿಹೋಗಿ ಕೇಳಿದೆ. ಸಾಹೇಬರು ನನ್ನನ್ನು ನೋಡಿ ಬೆಚ್ಚಿಬಿದ್ದರು. "ಇನ್ನೂ ಇಲ್ಲೇ ಅದೀರೇನ್ರೀ?" ಅನ್ನುತ್ತಾ ಪಟ್ಟಿ ಮುಂದೆ ಹಿಡಿದರು. ಷರಾ ಕಾಲಮ್ಮಿನಲ್ಲಿ ರೀಡರ್ ಅಂದವಾಗಿ ಬರೆದಿದ್ದ: "ಮೇಡಮ್ಮೋರೇ ಓದ್ರು."

"ನೀವ ಹೇಳಿದ್ರಲ್ರೀ, ಓದ್ರು ಅಂದ್ರ ಹೋದ್ರು ಅಂತ! ನನಗ ಹೇಳ್ದ ಹೋದ್ರಲ್ಲಾ ಅಂತ ಬ್ಯಾಸರಾತು."

ನನಗೆ ಅಳು ಬಂತು. ನಗು ಅದಕ್ಕಿಂತ ಮೊದಲೇ ಬಂದುಬಿಟ್ಟಿತ್ತು.

ವಾರದ ಮೇಲೆ ಹಾಸನದ ಕಚೇರಿಯಿಂದ ಫೋನ್ ಬಂತು. "ನೀವು ಹೋಗಿದ್ದೀರಿ ಅಂತ ಬರೆದಿತ್ತಲ್ಲ ಮೇಡಂ, ಚನ್ನರಾಯಪಟ್ಟಣದ ಜಾಗಕ್ಕೆ ಬೇರೆಯವರನ್ನ ಹಾಕಿಬಿಟ್ವಿ. ಈಗ ನೋಡಿದ್ರೆ ನೀವೇ ಫೋನ್ ಎತ್ತುತ್ತಿದ್ದೀರಿ. ಏನು ಮಾಡ್ತಾ ಇದ್ದೀರಿ ಅಲ್ಲಿ?"

ನನ್ನ ಕೈಯಲ್ಲಿ ಹೊಸ ತಿಂಗಳ ಪಟ್ಟಿ ಇತ್ತು. "ಎಲ್ಲಿಗೂ ಹೋಗಿಲ್ಲ ಸಾರ್. ಇಲ್ಲೇ ಕೂತು ಓದ್ತಾ ಇದ್ದೀನಿ" ಅಂದೆ.



"ಒಳ್ಳೇದು ಮೇಡಂ. ಯಾವ ಪರೀಕ್ಷೆಗೆ?"